ಅಜ್ಜನ ನಕ್ಷತ್ರ ನಮ್ಮ ಬೋರ್ಡಿನ ಮೇಲೆ ಇರಲಿಲ್ಲ: ಪೆಸಿಫಿಕ್ ದ್ವೀಪಗಳ ಶಾಲೆಗೆ ಆ ಊರಿನ ಅರಿವನ್ನು ತರೋದು ಹೇಗೆ?

ಆಕ್ಲೆಂಡ್ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಒಂಬತ್ತು ವರ್ಷದಿಂದ ನ್ಯೂಜಿಲೆಂಡಿನ ಆಕ್ಲೆಂಡ್ ಊರಿನ ಒಂದು ಪ್ರೈಮರಿ ಶಾಲೆಯಲ್ಲಿ ಪಾಠ ಮಾಡ್ತಿದ್ದೇನೆ. ಕ್ಲಾಸಿನಲ್ಲಿ 26 ಮಕ್ಕಳು. ಇಲ್ಲಿನ ಮೂಲನಿವಾಸಿ ಮಾವೊರಿ, ಸಮೋವಾ, ಟೋಂಗಾ, ಫಿಜಿ, ಪಂಜಾಬಿ, ಚೀನಿ, ಎಲ್ಲ ಮನೆಗಳ ಮಕ್ಕಳೂ ಇದ್ದಾರೆ.

ಹೋದ ವಾರದ ಮಾತು. ಇಲ್ಲಿ ಈಗ ಚಳಿಗಾಲ, ಮತರಿಕಿ ಹತ್ತಿರ ಬಂತು. ಮತರಿಕಿ ಅಂದ್ರೆ ನಮ್ಮ ಕೃತ್ತಿಕೆ. ಕೆಲವು ವಾರ ಕಾಣದೆ ಹೋದ ಕೃತ್ತಿಕೆ ಬೆಳಗಿನ ಜಾವ ಮತ್ತೆ ಮೂಡಿದಾಗ ಮಾವೊರಿಗಳಿಗೆ ಹೊಸವರ್ಷ. 2022ರಿಂದ ಸರ್ಕಾರಿ ರಜೆಯೂ ಸಿಕ್ಕಿದೆ. ನಾನೂ ಆಸೆಯಿಂದ ತಯಾರಿ ಮಾಡಿಕೊಂಡೆ. ಒಂಬತ್ತು ನಕ್ಷತ್ರದ ಚಿತ್ರ, ಪ್ರತಿಯೊಂದರ ಹೆಸರು, ಬಣ್ಣ ತುಂಬೋ ಹಾಳೆ. ಮಕ್ಕಳು ಖುಷಿಯಾಗಿ ಬಣ್ಣ ಹಾಕಿದರು, ಬೋರ್ಡಿಗೆ ಅಂಟಿಸಿದೆವು.

ಸಂಜೆ ಒಬ್ಬ ಹುಡುಗನನ್ನು ಕರ್ಕೊಂಡು ಹೋಗೋಕೆ ಅವನ ಅಜ್ಜ ಬಂದ್ರು. ಬೋರ್ಡಿನ ಮುಂದೆ ಸುಮಾರು ಹೊತ್ತು ನಿಂತರು. ಆಮೇಲೆ ಮೆಲ್ಲಗೆ, "ಚೆನ್ನಾಗಿದೆ. ಆದ್ರೆ ನಾವು ತಾರನಾಕಿಯವರು. ನಮ್ಮ ಕಡೆ ನೋಡೋದು ಪುವಾಂಗವನ್ನ" ಅಂದ್ರು. ಪುವಾಂಗ ಅಂದ್ರೆ ರೀಗೆಲ್ ನಕ್ಷತ್ರ, ಮಹಾವ್ಯಾಧ (ಓರಿಯನ್) ಪುಂಜದ ಕಾಲಿನ ಹತ್ತಿರ ಹೊಳೆಯುತ್ತಲ್ಲ ಅದು. ಪಶ್ಚಿಮ ಕರಾವಳಿಯ ತಾರನಾಕಿ, ಫಂಗನುಯಿ ಕಡೆ ಮತರಿಕಿ ಸರಿಯಾಗಿ ಕಾಣಲ್ಲ, ಅದಕ್ಕೆ ಅವರ ವರ್ಷ ಪುವಾಂಗದಿಂದ ಶುರು. ಇದು ನನಗೆ ಗೊತ್ತಿರಲೇ ಇಲ್ಲ. ಅವರ ಮೊಮ್ಮಗ ಅವತ್ತು ಇಡೀ ದಿನ ನನ್ನ ಹಾಳೆಗೆ ಬಣ್ಣ ಹಾಕಿದ್ದ, ಒಂದು ಮಾತೂ ಆಡಿರಲಿಲ್ಲ.

ಅಜ್ಜ ಬಯ್ಯಲಿಲ್ಲ. ಅದಕ್ಕೇ ಇನ್ನೂ ಕೊರೀತಿದೆ. 1867ರ ನೇಟಿವ್ ಶಾಲೆಗಳ ಕಾಯ್ದೆ ಬಂದಮೇಲೆ ಎಷ್ಟೋ ತಲೆಮಾರಿನ ಮಕ್ಕಳು ಮಾವೊರಿ ಮಾತಾಡಿದ್ದಕ್ಕೆ ಏಟು ತಿಂದಿದ್ದಾರೆ. ಈ ಅಜ್ಜನ ಅಪ್ಪನೂ ತಿಂದವರಂತೆ. ಈಗ ಶಾಲೆ "ನಿಮ್ಮದನ್ನೂ ಹೇಳಿಕೊಡ್ತೀವಿ" ಅಂತ ಬಾಗಿಲು ತೆಗೆದು, ಅದರಲ್ಲೂ ಅವರದ್ದಲ್ಲದ್ದನ್ನು ಕೊಟ್ಟರೆ? ಪೆಸಿಫಿಕ್ ಕಡೆ ಇದ್ದವರು, ಓದಿಕೊಂಡವರು ಹೇಳಿ. ಒಂದು ನೆಲಕ್ಕೆ, ಒಂದು ಮನೆತನಕ್ಕೆ ಅಂಟಿಕೊಂಡ ಅರಿವನ್ನು ಶಾಲೆಗೆ ತರಬಹುದಾ? ತಂದರೆ ಹೇಗೆ?

ಜೋಳದ ರೊಟ್ಟಿ

ಅಕ್ಕಾರ, ಇದನ್ನ ಓದಿ ನಮ್ಮ ಮುತ್ಯಾ ನೆನಪಾದ್ರು. ರೋಹಿಣಿ ಮಳಿ ಬಂದ್ರ ಓಣಿ ತುಂಬ ಜ್ವಾಳ ಅಂತಿದ್ರು. ಯಾವ ಮಳಿಗೆ ಯಾವ ಬಿತ್ತಗಿ ಅಂತ ಎಲ್ಲಾ ಬಾಯಾಗ ಇತ್ತು. ಒಂದ್ ದಿನಾನೂ ಸಾಲಿಗೆ ಯಾರೂ ಅವರನ್ನ ಕರೀಲಿಲ್ಲ. ನೀವು ಆ ಅಜ್ಜಾರನ್ನ ಕ್ಲಾಸಿಗೆ ಕರೀರಿ. ಅಷ್ಟ.

ಆಕ್ಲೆಂಡ್ ಟೀಚರ್

ಕರೆದೆ ಅಣ್ಣಾ. "ಕುರ್ಚಿ ಹಾಕಿ ಇಪ್ಪತ್ತು ನಿಮಿಷ ಮಾತಾಡಿಸೋ ವಿಷಯ ಅಲ್ಲಮ್ಮ ಇದು. ಮಕ್ಕಳನ್ನ ಬೆಳಗಿನ ಜಾವ ಐದೂವರೆಗೆ ಗುಡ್ಡಕ್ಕೆ ಕರ್ಕೊಂಡು ಬಾ" ಅಂದ್ರು. ಶಾಲೆಯಲ್ಲಿ ಕೇಳಿದ್ದಕ್ಕೆ ಒಪ್ಪಿಗೆ ಪತ್ರ, ಸುರಕ್ಷತೆ ಫಾರಂ, ಬಸ್ಸು, ಇವೆಲ್ಲ ಮುಂದಿನ ಟರ್ಮಿಗೆ ಅಂತ ಉತ್ತರ ಬಂತು. ಮುಂದಿನ ಟರ್ಮಿಗೆ ಪುವಾಂಗ ಕಾಯುತ್ತಾ?

ವಿಜ್ಞಾನ ಮೊದಲು

ಮೇಡಂ, ನಿಮ್ಮ ಕಾಳಜಿ ಅರ್ಥವಾಗುತ್ತೆ. ಆದರೆ ಒಂದು ಗೆರೆ ಎಳೀಲೇಬೇಕು. ಸಂಸ್ಕೃತಿ ಪಾಠ ಅಂತ ಎಷ್ಟು ಬೇಕಾದರೂ ಕಲಿಸಿ, ಗೌರವ ಇದೆ. ವಿಜ್ಞಾನದ ಪಾಠದೊಳಗೆ ತರಬೇಡಿ. 2021ರಲ್ಲಿ ಆಕ್ಲೆಂಡ್ ವಿಶ್ವವಿದ್ಯಾಲಯದ ಏಳು ಪ್ರಾಧ್ಯಾಪಕರು ಪತ್ರಿಕೆಗೆ ಪತ್ರ ಬರೆದು ಇದನ್ನೇ ಹೇಳಿದ್ದರು: ಮಾತೌರಂಗ, ಅಂದರೆ ಮಾವೊರಿ ಅರಿವು, ಉಳಿಯಬೇಕಾದದ್ದೇ, ಆದರೆ ಅದು ವಿಜ್ಞಾನ ಅಲ್ಲ ಅಂತ. ಪರೀಕ್ಷೆ ಮಾಡಿ ತಪ್ಪು ಅಂತ ತೋರಿಸಲು ಆಗದ್ದನ್ನು ವಿಜ್ಞಾನ ಅಂತ ಮಕ್ಕಳಿಗೆ ಹೇಳಿದರೆ ಅನ್ಯಾಯ ಆಗೋದು ಆ ಮಕ್ಕಳಿಗೇ.

ಸುವಾದಲ್ಲಿದ್ದವಳು

ಆ ಪತ್ರಕ್ಕೆ ಉತ್ತರವಾಗಿ ಎರಡು ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದ ಇನ್ನೊಂದು ಪತ್ರ ಬಂತು ಸರ್. ಅದನ್ನೂ ಹೇಳಬೇಕು.

ಕುಂದಾಪ್ರದ ಮಗ

ಪರೀಕ್ಷೆ ಅಂದ್ರಲ್ಲ, ಒಂದು ಪರೀಕ್ಷೆ ಹೇಳ್ತೆ ಕೇಳಿ. ನಾನು ಮರ್ಚೆಂಟ್ ನೇವಿಯಲ್ಲಿ ಹದಿನಾಲ್ಕು ವರ್ಷ ಇದ್ದವ. ಜಿಪಿಎಸ್ ಕೈಕೊಟ್ಟರೆ ನಮ್ಮಂಥವರಿಗೆ ಎದೆ ಢವಢವ.

1956ರಲ್ಲಿ ಆಂಡ್ರೂ ಶಾರ್ಪ್ ಅನ್ನೋ ಇತಿಹಾಸಕಾರ, ಪಾಲಿನೇಷ್ಯದವರು, ಅಂದ್ರೆ ಹವಾಯಿ, ಟಹೀಟಿ, ನ್ಯೂಜಿಲೆಂಡ್ ಕಡೆಯ ದ್ವೀಪಗಳ ಜನ, ದೂರದ ದ್ವೀಪಗಳನ್ನು ಬೇಕಂತ ಹುಡುಕಿ ತಲುಪಿದ್ದಲ್ಲ, ಗಾಳಿಗೆ ಸಿಕ್ಕಿ ಎಲ್ಲೆಲ್ಲೋ ಹೋಗಿ ಬಿದ್ದದ್ದು ಅಂತ ವಾದ ಮಾಡಿದ. ಎಷ್ಟೋ ಜನ ಒಪ್ಪಿದ್ರು. 1976ರಲ್ಲಿ ಹವಾಯಿಯವರು ಹೋಕೂಲೆಯಾ ಅಂತ ಜೋಡಿ ಒಡಲಿನ ಹಾಯಿದೋಣಿ ಕಟ್ಟಿ ಟಹೀಟಿಗೆ ಹೊರಟರು. ಸುಮಾರು 4,000 ಕಿಲೋಮೀಟರ್. ದಿಕ್ಸೂಚಿ ಇಲ್ಲ, ನಕ್ಷೆ ಇಲ್ಲ. ನಕ್ಷತ್ರ, ಅಲೆ ನೋಡಿ ದಾರಿ ಕಾಣುವವರು ಹವಾಯಿಯಲ್ಲೇ ಉಳಿದಿರಲಿಲ್ಲ. ಅದಕ್ಕೆ ಪಶ್ಚಿಮ ಪೆಸಿಫಿಕಿನ ಮೈಕ್ರೋನೇಷ್ಯದ ಸಟವಾಲ್ ಅನ್ನೋ ಪುಟ್ಟ ದ್ವೀಪದಿಂದ ಮೌ ಪಿಯಾಲುಗ್ ಬಂದ್ರು. ಮುಟ್ಟಿಸಿದ್ರು. ತಪ್ಪಿದ್ದರೆ ದೋಣಿಯಲ್ಲಿದ್ದವರೆಲ್ಲ ಸಾಯ್ತಿದ್ದರು. ಇದಕ್ಕಿಂತ ಕಠಿಣ ಪರೀಕ್ಷೆ ಯಾವ ಲ್ಯಾಬಿನಲ್ಲಿ ಉಂಟು?

ಅವರು ಕಲಿತ ಬಗೆ ಕೇಳಿ. ಚಿಕ್ಕ ಮಗು ಇದ್ದಾಗಲೇ ಅಜ್ಜ ಅವರನ್ನು ಬಂಡೆ ನಡುವಿನ ಕಡಲ ನೀರಿನ ಹೊಂಡದಲ್ಲಿ ಕೂರಿಸ್ತಿದ್ದರಂತೆ, ನೀರು ಏರುವುದು ಇಳಿಯುವುದು ಮೈಗೆ ಗೊತ್ತಾಗಲಿ ಅಂತ. ಆಮೇಲೆ ಚಾಪೆ ಮೇಲೆ ಕಲ್ಲು ವೃತ್ತವಾಗಿ ಇಟ್ಟು ಪಾಠ. ಒಂದೊಂದು ಕಲ್ಲು ಒಂದು ನಕ್ಷತ್ರ ಮೂಡುವ ಅಥವಾ ಮುಳುಗುವ ಜಾಗ. ಒಂದು ನಕ್ಷತ್ರ ದಿಗಂತದಲ್ಲಿ ಮೂಡುವ ಜಾಗ ವರ್ಷವಿಡೀ ಬದಲಾಗುವುದಿಲ್ಲ, ಹೊತ್ತು ಮಾತ್ರ ಬದಲಾಗುತ್ತದೆ. ಹಾಗಾಗಿ ಆ ಕಲ್ಲುಗಳೇ ದಿಕ್ಸೂಚಿ. ಮೋಡ ಕವಿದರೆ ಅಲೆ. ದೂರದಿಂದ ಬರುವ ದೊಡ್ಡ ತೆರೆ ದೋಣಿಯ ಯಾವ ಪಕ್ಕಕ್ಕೆ ತಾಗ್ತದೆ ಅಂತ ಮೈಯಲ್ಲೇ ತಿಳೀತಾರೆ.

ಅವರು ಹೊರಗಿನವರಿಗೆ ಕಲಿಸಿದ್ದಕ್ಕೂ ಕಾರಣ ಉಂಟು. ತಮ್ಮ ದ್ವೀಪದ ಹುಡುಗರು ಹೊಸ ಶಾಲೆ, ಹೊಸ ಬದುಕಿನ ಕಡೆ ಹೋಗಿ ಕಡಲು ಬಿಟ್ಟಿದ್ದರು. ವಿದ್ಯೆ ತನ್ನ ಜೊತೆಗೇ ಹೋದೀತು ಅಂತ ಹೆದರಿ ಹವಾಯಿಯವರಿಗೆ ಕೊಟ್ಟರು. 2007ರಲ್ಲಿ ಹವಾಯಿಯ ಐವರಿಗೆ ಸಟವಾಲಿನಲ್ಲೇ ವಿಧಿಪ್ರಕಾರ ದೀಕ್ಷೆ ಕೊಟ್ಟರು. 2010ರಲ್ಲಿ ತೀರಿಕೊಂಡ್ರು.

ವಿಜ್ಞಾನ ಮೊದಲು

ಒಪ್ಪಿದೆ. ನೌಕಾಯಾನದ ವಿಷಯದಲ್ಲಿ ಪೂರ್ತಿ ಒಪ್ಪಿದೆ. ಕಡಲೇ ಪರೀಕ್ಷೆ ಮಾಡಿದೆ, ಆ ವಿದ್ಯೆ ಗೆದ್ದಿದೆ, ಅದು ವಿಜ್ಞಾನದ ಪಾಠಕ್ಕೆ ಬರಲಿ. ಆದರೆ ಅದೇ ಹೆಸರಿನಲ್ಲಿ ಮದ್ದು, ಮಂತ್ರ ಎಲ್ಲ ಒಳಗೆ ಬರಬಾರದು. ಒಂದೊಂದನ್ನೂ ಬೇರೆಬೇರೆ ತೂಗಬೇಕು.

ಲೆಕ್ಕದ ಮೇಷ್ಟ್ರು

ತುಮಕೂರು ಜಿಲ್ಲೆಯ ಹೈಸ್ಕೂಲಿನಲ್ಲಿ 31 ವರ್ಷ ಗಣಿತ ಹೇಳಿ ನಿವೃತ್ತನಾದವನು. ಪೆಸಿಫಿಕ್ ದ್ವೀಪದೇಶ ವನುವಾಟುವಿನ ಮರಳು ಚಿತ್ರಗಳನ್ನು ಯಾರೂ ನೆನೆಯಲಿಲ್ಲವಲ್ಲ! ಮೊದಲು ಮರಳಿನ ಮೇಲೆ ಗೆರೆಗಳ ಚೌಕಟ್ಟು. ಅದರ ಮೇಲೆ ಒಂದೇ ಬೆರಳು, ಎತ್ತದೆ, ಹೋದ ಗೆರೆಯ ಮೇಲೆ ಮತ್ತೆ ಹೋಗದೆ, ಹೊರಟಲ್ಲಿಗೇ ಬಂದು ಸೇರಬೇಕು. ಆಮೆ, ಹೂವು, ಮೀನು, ಎಲ್ಲ ಮೂಡುತ್ತವೆ. ನಮ್ಮ ಮನೆಯಂಗಳದಲ್ಲಿ ಚುಕ್ಕಿಯಿಟ್ಟು ಎಳೆ ಸುತ್ತುವ ರಂಗೋಲಿ ನೋಡಿದವರಿಗೆ ಥಟ್ಟನೆ ಗುರುತು ಸಿಗುತ್ತೆ. ಗಣಿತಜ್ಞರು ಎರಡನ್ನೂ ಅಭ್ಯಾಸ ಮಾಡಿದ್ದಾರೆ. ಪ್ರತಿ ಬಿಂದುವಿನಲ್ಲೂ ಕೂಡುವ ಗೆರೆಗಳ ಸಂಖ್ಯೆ ಸಮಸಂಖ್ಯೆ (2, 4, 6 ಹೀಗೆ) ಆಗಿದ್ದರೆ ಬೆರಳೆತ್ತದೆ ಹೊರಟಲ್ಲಿಗೆ ಮರಳಬಹುದು. 18ನೇ ಶತಮಾನದಲ್ಲಿ ಗಣಿತಜ್ಞ ಆಯ್ಲರ್, ಊರಿನ ಒಂದೊಂದು ಸೇತುವೆಯನ್ನೂ ಒಂದೇ ಸಲ ದಾಟುವ ಸಮಸ್ಯೆ ಇಟ್ಟುಕೊಂಡು ಹೇಳಿದ್ದು ಇದನ್ನೇ. ಅಲ್ಲಿನ ಮಕ್ಕಳಿಗೆ ಗ್ರಾಫ್ ಸಿದ್ಧಾಂತ, ಅಂದರೆ ಬಿಂದು ಮತ್ತು ಗೆರೆಗಳ ಜೋಡಣೆಯ ಗಣಿತ, ಕಲಿಸಲು ಇದಕ್ಕಿಂತ ಒಳ್ಳೆ ಬಾಗಿಲು ಬೇಕೆ? ಪಠ್ಯಪುಸ್ತಕದಲ್ಲಿ ಹಾಕಿದರೆ ಮುಗಿಯಿತು.

ಪೋರ್ಟ್ ವಿಲಾ ಡೈರಿ

ಮೇಷ್ಟ್ರೇ, ನಮಸ್ಕಾರ. ಎಲ್ಲ ಸರಿ, ಕೊನೆಯ ಸಾಲು ಮಾತ್ರ ಒಪ್ಪಲಾರೆ. ಪುಸ್ತಕದಲ್ಲಿ ಹಾಕಿದರೆ ಅದು ಮುಗಿದೇ ಹೋಗುತ್ತೆ.

2015ರ ಮಾರ್ಚಿನಲ್ಲಿ ಪಾಮ್ ಚಂಡಮಾರುತ ಬಡಿದಮೇಲೆ ಕುಡಿಯೋ ನೀರಿನ ಕೆಲಸಕ್ಕೆ ವನುವಾಟುವಿಗೆ ಹೋದವನು ಎರಡು ವರ್ಷ ಉಳಿದೆ. ಮಲಕುಲ ದ್ವೀಪದಲ್ಲಿ ಒಬ್ಬ ಹಿರಿಯರು ನನ್ನ ಮುಂದೆ ಚಿತ್ರ ಬರೆದರು. ಕೂತ ಜಾಗದಲ್ಲಿ ಬೂದಿಯಂಥ ಕಪ್ಪು ಮರಳನ್ನು ಅಂಗೈಯಿಂದ ಸವರಿ ಸಮ ಮಾಡಿಕೊಂಡರು, ಬೆರಳು ಊರಿದರು. ಬೆರಳು ಓಡುತ್ತಿದ್ದಷ್ಟು ಹೊತ್ತೂ ಬಾಯಲ್ಲಿ ಕಥೆ. ಒಂದು ತಿರುವಿನಲ್ಲಿ ಕಥೆ ನಿಂತಿತು, ಬೆರಳೂ ನಿಂತಿತು. ನನ್ನ ಮುಖ ನೋಡಿದರು, ಮುಂದುವರಿಸಿದರು. ಮುಗಿದಮೇಲೆ ಅಂಗೈಯಿಂದ ಒರೆಸಿಬಿಟ್ಟರು. ಫೋಟೋ ತೆಗೆಯಲು ಕೈ ಜೇಬಿಗೆ ಹೋಗಿತ್ತು, ತೆಗೆಯಲಾಗಲಿಲ್ಲ. ಯಾವ ಚಿತ್ರ ಯಾರು ಬರೆಯಬಹುದು, ಯಾರಿಗೆ ತೋರಿಸಬಹುದು ಅನ್ನೋದಕ್ಕೆ ಅಲ್ಲಿ ಕಟ್ಟುಪಾಡಿದೆ.

ಮಲಕುಲದಲ್ಲಿ 1920ರ ದಶಕದಲ್ಲೇ ದಾಖಲಾದ ಒಂದು ನಂಬಿಕೆ ಇದೆ. ಸತ್ತವರು ಪಿತೃಲೋಕಕ್ಕೆ ಹೋಗುವ ದಾರಿಯಲ್ಲಿ ಒಂದು ಪಿಶಾಚಿ ಕೂತಿರುತ್ತೆ, ಅದರ ಮುಂದೆ ಮರಳು ಚಿತ್ರ. ಇವರು ಬರುತ್ತಿದ್ದಂತೆ ಅರ್ಧ ಅಳಿಸಿಬಿಡುತ್ತೆ. ಉಳಿದರ್ಧವನ್ನು ಬರೆದು ಪೂರ್ತಿ ಮಾಡಿದವರು ಅದರ ನಡುವಿನ ದಾರಿ ಹಿಡಿದು ದಾಟುತ್ತಾರೆ. ಬಾರದವರನ್ನು ಅದು ತಿನ್ನುತ್ತೆ. ಆ ಊರಿನಲ್ಲಿ ಕಲಿಕೆಗೆ ಇಂಥಾ ತೂಕ ಇತ್ತು. ಯುನೆಸ್ಕೊ 2003ರಲ್ಲೇ ಈ ಕಲೆಯನ್ನು ಗುರುತಿಸಿತು. ಹಾಗಿದ್ದೂ ಕಥೆ ಬಿಟ್ಟು ಬರೀ ಗೆರೆಯನ್ನು ಟೀಶರ್ಟ್ ಮೇಲೆ ಅಚ್ಚು ಹಾಕಿ ಮಾರೋದು ನಡೆದಿದೆ. ಪುಸ್ತಕವೂ ಅದನ್ನೇ ಮಾಡಿಬಿಟ್ಟರೆ ಅಂತ ನನ್ನ ಭಯ.

ಲೆಕ್ಕದ ಮೇಷ್ಟ್ರು

ತಮ್ಮಾ, ನಿನ್ನ ಮಾತು ಸರಿ. ನಾನು ಗೆರೆ ನೋಡಿದೆ, ಕಥೆ ನೋಡಲಿಲ್ಲ. ಆದರೂ ಕೇಳ್ತೀನಿ, ಆ ಹಿರಿಯರು ತೀರಿಕೊಂಡ ಮೇಲೆ? ಒರೆಸಿದ ಮರಳು ಒರೆಸಿದ್ದೇ ಅಲ್ಲವೇ?

ಪೋರ್ಟ್ ವಿಲಾ ಡೈರಿ

ಅದಕ್ಕೆ ಅಲ್ಲಿಯವರೇ ಒಂದು ದಾರಿ ಹಿಡಿದಿದ್ದಾರೆ. ವನುವಾಟು ಸಾಂಸ್ಕೃತಿಕ ಕೇಂದ್ರದವರು ದ್ವೀಪದ್ವೀಪಗಳಲ್ಲಿ ಊರಿನವರನ್ನೇ ಕ್ಷೇತ್ರ ಕಾರ್ಯಕರ್ತರನ್ನಾಗಿ ಇಟ್ಟುಕೊಂಡಿದ್ದಾರೆ. ಸಂಬಳದ ನೌಕರರಲ್ಲ, ತಮ್ಮೂರಿನ ಆಚಾರವನ್ನು ತಾವೇ ದಾಖಲು ಮಾಡುವವರು. ಅಲ್ಲಿ ಇದಕ್ಕೆಲ್ಲ ಕಸ್ತೊಮ್ ಅಂತಾರೆ. ದಾಖಲೆಯಲ್ಲೂ ಎಲ್ಲರಿಗೂ ತೆರೆದದ್ದು, ಆ ಮನೆಯವರಿಗೆ ಮಾತ್ರ ಅಂತ ಬೇರೆಬೇರೆ ಇಡ್ತಾರೆ.

ಇನ್ನು ಶಾಲೆ. 1906ರಿಂದ 1980ರವರೆಗೆ ಆ ದೇಶವನ್ನು ಬ್ರಿಟನ್ ಮತ್ತು ಫ್ರಾನ್ಸ್ ಜಂಟಿಯಾಗಿ ಆಳಿದವು. ಎರಡು ಪೊಲೀಸು, ಎರಡು ಜೈಲು, ಎರಡು ಬಗೆಯ ಶಾಲೆ. ಒಂದೇ ಮನೆಯಲ್ಲಿ ಅಣ್ಣ ಇಂಗ್ಲಿಷ್ ಶಾಲೆ, ತಂಗಿ ಫ್ರೆಂಚ್ ಶಾಲೆ. ಜನ ಮೂರು ಲಕ್ಷ, ಭಾಷೆ ನೂರಕ್ಕೂ ಹೆಚ್ಚು. ಎಲ್ಲರನ್ನೂ ಕೂಡಿಸೋದು ಬಿಸ್ಲಾಮ, ಸಂವಿಧಾನದ ಪ್ರಕಾರ ಅದೇ ರಾಷ್ಟ್ರಭಾಷೆ. ಆದರೆ ಪಾಠದ ಭಾಷೆಗಳು ಇಂಗ್ಲಿಷ್, ಫ್ರೆಂಚ್. ಎಷ್ಟೋ ಶಾಲೆಗಳಲ್ಲಿ ಬಿಸ್ಲಾಮ ಆಡಿದರೆ ಶಿಕ್ಷೆ ಇತ್ತು. ಮೊದಲ ತರಗತಿಗಳನ್ನು ಊರಿನ ಭಾಷೆ ಅಥವಾ ಬಿಸ್ಲಾಮದಲ್ಲಿ ಕಲಿಸಬೇಕು ಅನ್ನೋ ನೀತಿ ಬಂದದ್ದು 2012ರಲ್ಲಿ. ಸ್ವಾತಂತ್ರ್ಯ ಬಂದು 32 ವರ್ಷ ಆದಮೇಲೆ!

ಭಾಷೆ ಬಿಟ್ಟರೆ ಅರಿವು ಬರಲ್ಲ. ಗಾಳಿ ಬರುವ ಮುಂಚೆ ಮರಗೆಣಸಿನ ಕಾಂಡ ಕಡಿದುಬಿಡಬೇಕು, ಆಗ ಬೇರು ಕೀಳಲ್ಲ, ಗೆಡ್ಡೆ ನೆಲದಲ್ಲಿ ಉಳಿಯುತ್ತೆ. ದೀವಿಹಲಸನ್ನು ಎಲೆ ಹಾಸಿದ ಗುಂಡಿಯಲ್ಲಿ ಹುಳಿ ಬರಿಸಿ ಮುಚ್ಚಿಟ್ಟರೆ ತಿಂಗಳುಗಟ್ಟಲೆ ಕೆಡಲ್ಲ. ಇದನ್ನೆಲ್ಲ ನನಗೆ ಹೇಳಿದ್ದು ಅಜ್ಜಿಯರು. ಹುಡುಗರಿಗೆ ಹೊರಗಿನಿಂದ ಬರುವ ಅಕ್ಕಿ ಚೀಲದ ದಾರಿ ನೋಡೋದು ಗೊತ್ತಿತ್ತು.

ಕುಂದಾಪ್ರದ ಮಗ

ದೀವಿಹಲಸು ಅಂದ್ರೆ ನಮ್ಮ ಜೀಗುಜ್ಜೆಯೇ ಅಲ್ದಾ? ನಾವು ಪೋಡಿ ಮಾಡಿ ಅವತ್ತೇ ಮುಗಿಸ್ತೇವೆ. ಗುಂಡಿಯಲ್ಲಿ ಇಡುವುದು ಮೊದಲ ಸಲ ಕೇಳಿದ್ದು. ವಾಸನೆ ಬರೂದಿಲ್ವಾ?

ಪೋರ್ಟ್ ವಿಲಾ ಡೈರಿ

ಬರುತ್ತೆ ಅಣ್ಣಾ, ಜೋರಾಗೇ ಬರುತ್ತೆ. ತೊಳೆದು ನಾದಿ, ಎಲೆಯಲ್ಲಿ ಸುತ್ತಿ ಸುಟ್ಟರೆ ತುಂಬ ಚೆನ್ನಾಗಿರುತ್ತೆ.

ಮಂಡ್ಯದ ಹುಡುಗಿ

ಭಾಷಾ ನೀತಿ ಅಂದ್ರಲ್ಲ, ಪಪುವಾ ನ್ಯೂಗಿನಿ ಕಥೆನೂ ಕೇಳಿ. ನಾನು ಶಿಕ್ಷಣ ನೀತಿ ಓದ್ತಿರೋಳು. ಅಲ್ಲಿ 800ಕ್ಕೂ ಹೆಚ್ಚು ಭಾಷೆ. 1990ರ ದಶಕದಲ್ಲಿ ಧೈರ್ಯ ಮಾಡಿ ಮೊದಲ ಮೂರು ವರ್ಷ ಊರಿನ ಭಾಷೆಯಲ್ಲೇ ಪಾಠ ಅಂತ ಶುರು ಮಾಡಿದ್ರು, 400ಕ್ಕೂ ಹೆಚ್ಚು ಭಾಷೆಗಳಲ್ಲಿ ನಡೀತು. ಊರಿನವರನ್ನೇ ಟೀಚರ್ ಮಾಡಿದ್ರು. ಆದರೆ ತರಬೇತಿ ಸಾಲಲಿಲ್ಲ, ಪುಸ್ತಕ ಬರಲಿಲ್ಲ, "ನಮ್ಮ ಮಕ್ಕಳಿಗೆ ಇಂಗ್ಲಿಷ್ ಬರ್ತಿಲ್ಲ" ಅಂತ ಅಪ್ಪ ಅಮ್ಮಂದಿರು ಸಿಟ್ಟಾದ್ರು. 2013ರಲ್ಲಿ ಸರ್ಕಾರ ಮತ್ತೆ ಇಂಗ್ಲಿಷಿಗೆ ಮರಳಿತು. ಇಲ್ಲಿ ಎಲ್ಲರೂ ಹಿರಿಯರ ಬಗ್ಗೆ ಮಾತಾಡ್ತಿದ್ದೀರ, ಅಪ್ಪ ಅಮ್ಮಂದಿರನ್ನ ಯಾರೂ ಕೇಳ್ತಿಲ್ಲ. ಅವರಿಗೆ ಮಗ ನರ್ಸೋ ಮೇಷ್ಟ್ರೋ ಆಗಿ ಸಂಬಳ ತರಬೇಕು. ಅದು ತಪ್ಪಾ?

ಜೋಳದ ರೊಟ್ಟಿ

ತಪ್ಪಲ್ಲ ತಂಗಿ. ನಮ್ಮಲ್ಲೂ ಇದ ಜಗಳ. ಕನ್ನಡ ಮಾಧ್ಯಮ ಕಡ್ಡಾಯ ಮಾಡಿದ್ದನ್ನ 2014ರಾಗ ಸುಪ್ರೀಂ ಕೋರ್ಟ್ ತಗದ ಹಾಕ್ತಲ್ಲ, ಅವತ್ತ ನಮ್ಮ ಓಣ್ಯಾಗ ಅರ್ಧ ಮಂದಿ ಅತ್ರು, ಅರ್ಧ ಮಂದಿ ಖುಷಿ ಪಟ್ರು.

ನಿರ್ವಾಹಕ

ಕನ್ನಡ ಮಾಧ್ಯಮದ ಚರ್ಚೆಗೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿ ಮುಂದುವರಿಸಿ. ಇಲ್ಲಿ ಪೆಸಿಫಿಕ್ ಮಾತ್ರ.

ಹೊನೊಲುಲು ಅಜ್ಜಿ

ಮಂಡ್ಯದ ಮಗಳೇ, ಬಿಟ್ಟುಕೊಡಬೇಡ್ರಮ್ಮ. ಮಗಳ ಮನೆಗೆ ಬಂದು ಏಳು ವರ್ಷ ಆಯ್ತು. ಇಲ್ಲಿ ಆದದ್ದನ್ನ ಕೇಳು. 1893ರಲ್ಲಿ ಹವಾಯಿಯ ರಾಣಿಯನ್ನ ಪಟ್ಟದಿಂದ ಇಳಿಸಿದ್ರು, 1896ರಲ್ಲಿ ಶಾಲೆಗೆಲ್ಲ ಇಂಗ್ಲಿಷೇ ಅಂತ ಕಾನೂನು ಮಾಡಿದ್ರು. ಅದಕ್ಕೂ ಮುಂಚೆ ಇಲ್ಲಿಯ ಜನ ಓದುಬರಹ ಬಲ್ಲವರು, 1834ರಿಂದಲೇ ಹವಾಯಿ ಭಾಷೇಲಿ ಪತ್ರಿಕೆಗಳಿದ್ವು. ಮೀನುಗಾರಿಕೆ, ಮಳೆ, ಔಷಧಿ ಎಲ್ಲ ಆ ಪತ್ರಿಕೆಗಳ ಪುಟದಲ್ಲಿವೆ. ನೂರು ವರ್ಷ ತುಂಬೋದರೊಳಗೆ, 1980ರ ಸುಮಾರಿಗೆ, ಆ ಭಾಷೆ ಸರಾಗವಾಗಿ ಆಡೋ ಮಕ್ಕಳು ಐವತ್ತೂ ಇರಲಿಲ್ಲ ಅಂತಾರೆ.

ಆಗ ನ್ಯೂಜಿಲೆಂಡಿನವರು ದಾರಿ ತೋರಿಸಿದ್ರು. 1982ರಲ್ಲಿ ಅಲ್ಲಿ ಕೋಹಂಗಾ ರೆಯೊ ಶುರುವಾಯ್ತು. ಹಾಗಂದ್ರೆ ಭಾಷೆಯ ಗೂಡು. ಅಜ್ಜಿಯರು ಪುಟ್ಟ ಮಕ್ಕಳ ಜೊತೆ ದಿನವಿಡೀ ಮಾವೊರಿ ಆಡೋದು, ಅಷ್ಟೇ. 1984ರಲ್ಲಿ ಇಲ್ಲಿ ಪೂನಾನಾ ಲೆಯೊ ಆಯ್ತು. ಅದೂ ಗೂಡು ಅಂತಲೇ ಅರ್ಥ. 1987ರಲ್ಲಿ ಸರ್ಕಾರಿ ಶಾಲೆಗೂ ಬಂತು. ಈಗ ಆ ಭಾಷೆಯಲ್ಲೇ ಕಲಿತು ಕಾಲೇಜು ಮುಗಿಸಿದವರಿದ್ದಾರೆ. ನಮ್ಮ ಪಕ್ಕದ ಮನೆ ಹುಡುಗಿ ಅಂಥ ಶಾಲೆಗೆ ಹೋಗ್ತಾಳೆ. ಕೆಸುವಿನ ಗದ್ದೆಯಲ್ಲಿ ಮೊಣಕಾಲವರೆಗೆ ಕೆಸರಲ್ಲಿ ನಿಂತು ವಿಜ್ಞಾನ ಕಲೀತಾಳೆ. ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತೆ ಅಂತ ಗದ್ದೆಯ ಬದುವಿನ ಮೇಲೆ ನಡೆಸಿ ತೋರಿಸ್ತಾರೆ. ಅವಳ ಇಂಗ್ಲಿಷಿಗೆ ಏನೂ ಕಮ್ಮಿಯಾಗಿಲ್ಲ, ನನಗೆ ಫೋನ್ ರಿಪೇರಿ ಮಾಡಿಕೊಡೋಳು ಅವಳೇ.

ಸುವಾದಲ್ಲಿದ್ದವಳು

ಅಜ್ಜಿ, ನಿಮ್ಮ ಪೋಸ್ಟ್ ಓದಿ ಕಣ್ಣು ತುಂಬಿ ಬಂತು.

ಟೀಚರ್, ನಿಮ್ಮ "ಹೇಗೆ" ಅನ್ನೋ ಪ್ರಶ್ನೆಗೆ ಬರ್ತೀನಿ. ನಾನು ಫಿಜಿಯ ರಾಜಧಾನಿ ಸುವಾದಲ್ಲಿ ಆರು ವರ್ಷ ಇದ್ದೆ. ಅಲ್ಲಿನ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯ 1968ರದ್ದು, ಹನ್ನೆರಡು ದ್ವೀಪದೇಶಗಳು ಸೇರಿ ನಡೆಸೋದು. ಅಲ್ಲಿ ಪ್ರಾಧ್ಯಾಪಕಿಯಾಗಿದ್ದ ಕೊನೈ ಹೆಲು ಥಾಮನ್ ಟೋಂಗಾದವರು, ಕವಿ. ಅವರು ಕಲಿಸುವ ಕೆಲಸವನ್ನ ಕಕಲ ಅಂದ್ರು. ಕಕಲ ಅಂದ್ರೆ ಟೋಂಗಾದ ಪರಿಮಳದ ಹೂಮಾಲೆ. ಮೊದಲು ತೊಲಿ, ಹೂ ಆರಿಸಿ ಬಿಡಿಸೋದು. ಆಮೇಲೆ ತುಯಿ, ಕಟ್ಟೋದು. ಕೊನೆಗೆ ಲುವಾ, ಇನ್ನೊಬ್ಬರ ಕೊರಳಿಗೆ ಹಾಕಿಬಿಡೋದು.

ಹೂ ಕಟ್ಟೋ ಮನೆಯಲ್ಲಿ ಬೆಳೆದ ನನಗೆ ಇದು ಒಂದೇ ಸಲಕ್ಕೆ ಹತ್ತಿತು. ನಮ್ಮಮ್ಮ ಹಬ್ಬದ ಹಿಂದಿನ ಸಂಜೆ ಬಾಳೆನಾರು ನೆನೆಹಾಕಿ ಕೂರ್ತಿದ್ರು. ಯಾವ ಮೊಗ್ಗು ಯಾವ ಹೊತ್ತಿಗೆ ಬಿಡಿಸಬೇಕು, ಯಾವುದರ ಪಕ್ಕ ಯಾವುದು, ಯಾರಿಗೆ ಎಷ್ಟು ಮಾರು, ಎಲ್ಲಕ್ಕೂ ಲೆಕ್ಕ ಇತ್ತು. ಟೋಂಗಾದಲ್ಲೂ ಹೂವಿಗೆ ಹಿರಿದು ಕಿರಿದು ಇದೆ, ಯಾರಿಗೆ ಯಾವ ಮಾಲೆ ಅಂತ ಇದೆ. ನಿಮ್ಮ ಬಣ್ಣದ ಹಾಳೆಯಲ್ಲಿ ಎಡವಿದ್ದು ತೊಲಿಯಲ್ಲಿ. ಹೂವನ್ನ ಅಂಗಡಿಯಿಂದ ತಂದ್ರಿ, ಆ ಮಗುವಿನ ಹಿತ್ತಲಲ್ಲಿ ಏನು ಬೆಳೆದಿದೆ ಅಂತ ಕೇಳಲಿಲ್ಲ. ಬೇಜಾರು ಮಾಡ್ಕೋಬೇಡಿ, ನಾನೂ ಇದನ್ನ ಎಷ್ಟೋ ಸಲ ಮಾಡಿದ್ದೀನಿ.

ಗಿರ್ಮಿಟ್ ಮೊಮ್ಮಗಳು

ನಾನು ಫಿಜಿಯವಳು, ಮದುವೆಯಾಗಿ ಬೆಂಗಳೂರಿಗೆ ಬಂದು ಕನ್ನಡ ಕಲಿತವಳು. ತಪ್ಪಿದ್ದರೆ ಕ್ಷಮಿಸಿ. 1879ರಿಂದ 1916ರವರೆಗೆ ಭಾರತದಿಂದ 60,000ಕ್ಕೂ ಹೆಚ್ಚು ಜನರನ್ನು ಗಿರ್ಮಿಟ್ ಅನ್ನುವ ಕರಾರಿನ ಮೇಲೆ ಫಿಜಿಯ ಕಬ್ಬಿನ ಗದ್ದೆಗೆ ಕೂಲಿಗೆ ತಂದರು. 1903ರಿಂದ ಮದರಾಸಿನ ಕಡೆಯವರೂ ಬಂದರು, ನಮ್ಮ ಮುತ್ತಜ್ಜಿ ಅವರಲ್ಲಿ ಒಬ್ಬಳು. ನಾವು ಆ ನೆಲದ ಮೂಲದವರಲ್ಲ, ಗೊತ್ತು. ಆದರೆ ಶಾಲೆಯಲ್ಲಿ ನಮಗೆ ಪುಸ್ತಕದ ಹಿಂದಿ ಕಲಿಸಿದರು, ಮನೆಯಲ್ಲಿ ಆಡುವ ಫಿಜಿ ಹಿಂದಿಯನ್ನು ಮುರುಕು ಭಾಷೆ ಅಂದರು. ಪಕ್ಕದ ಬೆಂಚಿನ ಫಿಜಿ ಮೂಲದ ಹುಡುಗಿಗೆ ವನುವಾ ಅನ್ನುವ ಒಂದೇ ಮಾತಿನಲ್ಲಿ ನೆಲ, ಜನ, ನಡವಳಿಕೆ ಎಲ್ಲ ಸೇರುತ್ತೆ ಅಂತ ನನಗೆ ತಿಳಿದದ್ದು ಮೂವತ್ತು ದಾಟಿದ ಮೇಲೆ. ಹತ್ತು ವರ್ಷ ಪಕ್ಕಪಕ್ಕ ಕೂತಿದ್ದೆವು. ಆ ಅರಿವು ನನಗೂ ಬೇಕಿತ್ತು. ಅವರ ಮಕ್ಕಳಿಗೆ ಮಾತ್ರ ಅಂತ ಇಡಬೇಡಿ ಟೀಚರ್.

ಕುಂದಾಪ್ರದ ಮಗ

ಅಕ್ಕಾ, ನಿಮ್ಮ ಕನ್ನಡ ಚಂದ ಉಂಟು.

ಎಲ್ಲರಿಗೂ ಕೊಡಬೇಕಾ, ಕೆಲವರಿಗಾ ಅನ್ನೋದಕ್ಕೆ ಮಾರ್ಷಲ್ ದ್ವೀಪಗಳ ಮಾತು ಹೇಳಿ ಸುಮ್ಮನಾಗ್ತೆ. ಅಲ್ಲಿ ತೆಂಗಿನ ಗರಿಯ ಕಡ್ಡಿ ಕಟ್ಟಿ ಅಲೆಯ ನಕ್ಷೆ ಮಾಡ್ತಾರೆ. ಕಡ್ಡಿ ಬಾಗಿದ ಕಡೆ ಅಲೆ ದ್ವೀಪಕ್ಕೆ ತಾಗಿ ತಿರುಗ್ತದೆ, ಕವಡೆ ಇದ್ದಲ್ಲಿ ದ್ವೀಪ. ದಡದಲ್ಲಿ ಕೂತು ಕಲಿಯುವುದು, ದೋಣಿಗೆ ಒಯ್ಯುವುದಿಲ್ಲ. ಮುಖ್ಯಸ್ಥರ ಅಪ್ಪಣೆ ಇಲ್ಲದೆ ಯಾರಿಗೂ ಕಲಿಸುವಂತಿರಲಿಲ್ಲ. ರಾಂಗೆಲಾಪ್ ಹವಳದ್ವೀಪದಲ್ಲಿ ಹುಡುಗರನ್ನು ದೋಣಿಯಲ್ಲಿ ಮಲಗಿಸಿ ಅಲೆ ಗುರುತಿಸಲು ಕಲಿಸ್ತಿದ್ದರು. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಅನ್ನೋ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು, ಬೂದಿ ರಾಂಗೆಲಾಪ್ ಮೇಲೆ ಬಿತ್ತು, ಜನರನ್ನು ಎಬ್ಬಿಸಿ ಸಾಗಿಸಿದರು. ಪಾಠದ ಜಾಗವೇ ಹೋಯ್ತು. ಅಲ್ಲಿ ಕಲಿಕೆ ಅರ್ಧಕ್ಕೆ ಬಿಟ್ಟಿದ್ದ ಒಬ್ಬರು ಎಷ್ಟೋ ವರ್ಷದ ಮೇಲೆ ಮುಖ್ಯಸ್ಥರನ್ನು ಕೇಳಿಕೊಂಡು, ಉಳಿದದ್ದನ್ನು ಎಲ್ಲರಿಗೂ ಹೇಳಿಕೊಡಲು ಒಪ್ಪಿಗೆ ಪಡೆದರು. ಕೇಳಿಕೊಂಡು ಪಡೆದರು, ಅದನ್ನು ನೋಡಿ.

ವಿಜ್ಞಾನ ಮೊದಲು

ಇದು ನನಗೆ ಗೊತ್ತಿರಲಿಲ್ಲ. ಬಾಂಬನ್ನೂ ವಿಜ್ಞಾನ ಅಂತಲೇ ಕಲಿತವನು ನಾನು. ಇವತ್ತಿಗೆ ಇಷ್ಟು ಸಾಕು, ನಾಳೆ ಬರೀತೀನಿ.

ಆಕ್ಲೆಂಡ್ ಟೀಚರ್

ಎಲ್ಲರ ಪೋಸ್ಟೂ ಎರಡೆರಡು ಸಲ ಓದಿದೆ. ಶನಿವಾರ ಶಾಲೆಗೆ ರಜೆ. ಬೆಳಗಿನ ಜಾವ ಅಜ್ಜನ ಜೊತೆ ಗುಡ್ಡಕ್ಕೆ ಹೋಗ್ತೀವಿ, ಮನೆಯವರ ಜೊತೆ ಬರೋರು ಬನ್ನಿ ಅಂತ ಅಪ್ಪ ಅಮ್ಮಂದಿರಿಗೆ ನಾನೇ ಮೆಸೇಜ್ ಹಾಕಿದೆ. 26ರಲ್ಲಿ ಏಳು ಮಕ್ಕಳು ಬಂದ್ರು. ಒಬ್ಬಳು ಪಂಜಾಬಿ ಹುಡುಗಿ, ಅಜ್ಜಿಯ ಶಾಲು ಹೊದ್ದು ಬಂದಿದ್ದಳು.

ಮೋಡ. ಒಂದೂ ನಕ್ಷತ್ರ ಕಾಣಲಿಲ್ಲ.

ಅಜ್ಜ ಎಲ್ಲರಿಗೂ ಕಣ್ಣು ಮುಚ್ಚೋಕೆ ಹೇಳಿದ್ರು. ಗಾಳಿ ಯಾವ ಕೆನ್ನೆಗೆ ತಾಗ್ತಿದೆ ಅಂತ ಒಬ್ಬೊಬ್ಬರನ್ನೇ ಕೇಳಿದ್ರು, ಆಮೇಲೆ ಪುವಾಂಗ ಮೂಡೋ ಕಡೆಗೆ ಕೈ ಚಾಚಿ ಅಂದ್ರು. ಕಣ್ಣು ಬಿಟ್ಟಾಗ ಏಳು ಕೈ ಏಳು ಕಡೆಗಿತ್ತು. ಮೊಮ್ಮಗ ಒಬ್ಬನದು ಸರಿ ಇತ್ತು. ಬೋರ್ಡಿನ ಮುಂದೆ ಮಾತೇ ಆಡದ ಹುಡುಗ, ಉಳಿದ ಆರು ಜನರ ತೋಳು ಹಿಡಿದು ಒಂದೊಂದಾಗಿ ತಿರುಗಿಸಿದ. ಅಜ್ಜ ತಮ್ಮ ಭಾಷೆಯಲ್ಲಿ ಕರಕಿಯ ಹೇಳಿದ್ರು, ಪ್ರಾರ್ಥನೆಯ ಹಾಗೆ. ತೀರಿಕೊಂಡವರ ಹೆಸರು ಹೇಳೋದಿದ್ರೆ ಹೇಳಿ ಅಂದ್ರು. ನಾನು ನನ್ನ ಅಜ್ಜನ ಹೆಸರು ಹೇಳಿದೆ.

ಫೋಟೋ ಹಾಕಿ ಅಂತ ಕೇಳಬೇಡಿ, ಅವರು ಬೇಡ ಅಂದಿದ್ದಾರೆ. ನಾಳೆ ಮತ್ತೆ ಹೋಗ್ತಿದ್ದೀವಿ.

ಜೋಳದ ರೊಟ್ಟಿ

ನಾಳೆ ಅಲ್ಲಿ ಮ್ವಾಡ ಹೆಂಗೈತಿ ಅಂತ ಎದ್ದ ಕೂಡ್ಲೆ ಹಾಕ್ರಿ ಅಕ್ಕಾರ. ಕಾಯ್ತಿರ್ತೀನಿ.